ಕಾಯಿಲೆಗೆ ಮಹಾಪ್ರಾಣ ಬೇಡ

ಮಹಾಪ್ರಾಣ ಕಲಿಸುವುದಕ್ಕೆ ಪುಸ್ತಕ ಬೇಡ, ಅಂಗೈ ಸಾಕು. ಬಾಯಿಯ ಮುಂದೆ ಅಂಗೈ ಹಿಡಿದು ‘ಕ’ ಅನ್ನಿ, ಹೆಚ್ಚೇನೂ ತಾಗುವುದಿಲ್ಲ. ‘ಖ’ ಅನ್ನಿ, ಬಿಸಿ ಉಸಿರು ಬಂದು ಬಡಿಯುತ್ತದೆ. ದುರ್ಗಿಗುಡಿಯ ಶಾಲೆಯೊಂದರಲ್ಲಿ ನಾಲ್ಕನೇ ತರಗತಿಗೆ ಕನ್ನಡ ಹೇಳಿಕೊಡುವ ನಾನು ಪ್ರತಿ ವರ್ಷ ಮಾಡುವುದು ಇದನ್ನೇ. ತನ್ನ ಕೈಯಲ್ಲಿ ಗುರುತು ಹತ್ತದ ಮಗುವಿದ್ದರೆ ಅದರ ಅಂಗೈಯನ್ನು ನನ್ನ ಬಾಯಿಯ ಮುಂದೆ ಹಿಡಿಸಿ ‘ಭದ್ರಾವತಿ’ ಎನ್ನುತ್ತೇನೆ. ಶಿವಮೊಗ್ಗದಲ್ಲಿ ಮುಕ್ಕಾಲು ಪಾಲು ಜನ ‘ಬದ್ರಾವತಿ’ ಬಸ್ಸು ಹತ್ತಿ ಬದ್ರಾವತಿಯಲ್ಲೇ ಇಳಿಯುತ್ತಾರೆ. ಭದ್ರಾವತಿಗೆ ಹೋಗಿ ಬರುವವಳು ನೀನೊಬ್ಬಳೇ ಎಂದು ನಮ್ಮ ಮನೆಯವರು ಆಡಿಕೊಳ್ಳುತ್ತಾರೆ.

ಆ ದಿನ ಇಂಚರ ಎಂಬ ಹುಡುಗಿಯ ಸರದಿ. ಕೈಯನ್ನು ನನ್ನ ಬಾಯಿಯ ಮುಂದೆ ಹಿಡಿದಳು. ಮುಖವನ್ನು ಮಾತ್ರ ಗೋಡೆಯ ಕಡೆ ತಿರುಗಿಸಿದಳು.

“ಈ ಕಡೆ ನೋಡೇ. ಅಲ್ಲೇನಿದೆ?” ಅಂದೆ.

“ಮಿಸ್, ನಮ್ಮಕ್ಕ ನೈಲ್ ಪಾಲಿಶ್ ಅಳಿಸೋಕೆ ಒಂದು ನೀರು ಇಟ್ಕೊಂಡಿದಾಳಲ್ಲ, ನಿಮ್ಮ ಬಾಯಿಂದ ಅದೇ ವಾಸನೆ ಬರುತ್ತೆ.”

ತರಗತಿ ನಗಲಿಲ್ಲ.

ಅದೇ ನನ್ನನ್ನು ಹೆದರಿಸಿದ್ದು. ಮಕ್ಕಳು ನಕ್ಕಿದ್ದರೆ ಒಬ್ಬಳ ತುಂಟತನ ಎಂದು ಗದರಿ ಮುಂದೆ ಹೋಗುತ್ತಿದ್ದೆ. ಎಲ್ಲವೂ ತಲೆ ತಗ್ಗಿಸಿ ಪಾಟಿಚೀಲದೊಳಗೆ ಏನೋ ಹುಡುಕತೊಡಗಿದವು. ಅಂದರೆ ಎಲ್ಲರಿಗೂ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಕೆಲವು ದಿನಗಳಿಂದ ಮೊದಲ ಬೆಂಚಿನವರು ಒಂದಲ್ಲ ಒಂದು ನೆವ ಹೇಳಿ ಹಿಂದಕ್ಕೆ ಹೋಗುತ್ತಿದ್ದುದು, ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿಯ ರೇಖಾ ಟೀಚರು ಕಿಟಕಿ ಬಳಿ ಗಾಳಿ ಚೆನ್ನಾಗಿದೆ ಎಂದು ಜಾಗ ಬದಲಿಸಿದ್ದು, ಮೇಲಿಂದ ಮೇಲೆ ನನಗೆ ಪೆಪ್ಪರ್‌ಮಿಂಟ್ ಕೊಡುತ್ತಿದ್ದುದು, ಎಲ್ಲಕ್ಕೂ ಒಮ್ಮೆಲೇ ಅರ್ಥ ಹೊಳೆಯಿತು. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆಯನ್ನು ಅದೆಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೋ. ಅದು ನನ್ನ ಮೇಲೇ ಹೀಗೆ ಅಕ್ಷರಶಃ ಬಂದು ಕೂರುತ್ತದೆ ಎಂದುಕೊಂಡಿರಲಿಲ್ಲ.

ಸಂಜೆ ವಿನೋಬನಗರದ ಮನೆಗೆ ಬಂದವಳೇ ನಮ್ಮ ಮನೆಯವರನ್ನು ಎದುರಿಗೆ ಕೂರಿಸಿಕೊಂಡು ಕೇಳಿದೆ. ನಾಗರಾಜ ಎಂದು ಅವರ ಹೆಸರು. ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಯಾರ ಮನಸ್ಸನ್ನೂ ನೋಯಿಸದ ಮನುಷ್ಯ. ಅದೇ ಅವರ ದೊಡ್ಡ ದೋಷ.

“ರೀ, ನನ್ನ ಬಾಯಿ ವಾಸನೆ ಬರುತ್ತಾ?”

ಅವರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

“ಸ್ವಲ್ಪ,” ಅಂದರು.

“ಎಷ್ಟು ದಿನದಿಂದ?”

“ನೀನು ಅನ್ನ ಬಿಟ್ಯಲ್ಲ, ಆವಾಗಿಂದ. ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ ಮಾರಾಯ್ತಿ.”

ರಾತ್ರಿ ಅವರು ಗೋಡೆ ಕಡೆ ತಿರುಗಿ ಮಲಗುತ್ತಿದ್ದುದು ಸೊಂಟನೋವಿಗಲ್ಲ ಎಂದು ಆಗ ತಿಳಿಯಿತು.

ಅನ್ನ ಬಿಟ್ಟ ಕಥೆ ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆ ನನಗೆ ಹೊಸದೇನಲ್ಲ, ಬಂದು ಕೆಲವು ವರ್ಷಗಳಾಗಿದ್ದವು. ಮಳೆಗಾಲದ ಕೊನೆಯಲ್ಲಿ ಮಾಡಿಸಿದ ಮೂರು ತಿಂಗಳ ಸರಾಸರಿ ಟೆಸ್ಟಿನಲ್ಲಿ ಶುಗರ್ ಏರಿತ್ತು. ಡಾಕ್ಟರು ಹಳೆಯ ಮಾತ್ರೆಯ ಜೊತೆಗೆ ಇನ್ನೊಂದು ಸೇರಿಸಿದರು. ದೇಹದ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುವ ಮಾತ್ರೆ, ನೀರು ಚೆನ್ನಾಗಿ ಕುಡಿಯಿರಿ, ಊಟ ಹಿತಮಿತವಾಗಿರಲಿ ಎಂದರು. ಹಿತಮಿತ ಎಂಬ ಪದದ ಅರ್ಥವನ್ನು ಕನ್ನಡ ಟೀಚರಾದ ನಾನು ನನಗೆ ಬೇಕಾದ ಹಾಗೆ ಮಾಡಿಕೊಂಡೆ.

ಕಾರಣವಿತ್ತು. ನನ್ನ ತಮ್ಮ ಮಂಜುನಾಥನಿಗೆ ಮದುವೆಯಾಗಿ ತುಂಬ ವರ್ಷಗಳ ಮೇಲೆ ಮಗುವಾಗಿತ್ತು. ಹೆಣ್ಣು ಮಗು. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಓದಿಸಿ ದಡ ಹತ್ತಿಸಿದವಳು ನಾನು. ಮಗುವಿಗೆ ಸೋದರತ್ತೆ ಅಂತ ಇರುವವಳೂ ನಾನೊಬ್ಬಳೇ. ನಮ್ಮಲ್ಲಿ ತೊಟ್ಟಿಲು ಶಾಸ್ತ್ರದ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಅವಳು ಬಗ್ಗಿ ಹೆಸರು ಹೇಳುತ್ತಿದ್ದ ಹಾಗೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಬರೀ ತಮಾಷೆಗೆ. ಆದರೂ ಕೆಲವರು ಹಳೆಯ ಲೆಕ್ಕ ಚುಕ್ತಾ ಮಾಡುವವರ ಹಾಗೆ ಗುದ್ದುವುದೂ ಉಂಟು. ಮಗುವಿನ ಹೆಸರು ಆರಿಸಿದವಳೂ ನಾನೇ. ಧೃತಿ. ಧೈರ್ಯ, ಸ್ಥೈರ್ಯ ಎಂದು ಅರ್ಥ. ತಮ್ಮನಿಗೆ ಹಿಡಿಸಿತು. ಆದರೆ ಅವನೂ ‘ದೃತಿ’ ಎಂದೇ ಅನ್ನುತ್ತಿದ್ದ. ಅಂಗೈ ಹಿಡಿದು ಹೇಳೋ ಎಂದು ಫೋನಿನಲ್ಲೇ ಅವನಿಗೂ ಪಾಠ ಮಾಡಿದ್ದೆ.

ಆ ಶಾಸ್ತ್ರಕ್ಕೆ ಉಡಲು ತೆಗೆದಿಟ್ಟ ರೇಷ್ಮೆ ಸೀರೆಯ ಕುಪ್ಪಸ ನನಗೆ ಹಿಡಿಯುತ್ತಿರಲಿಲ್ಲ. ತೂಕ ಇಳಿಯಬೇಕು, ಶುಗರೂ ಇಳಿಯಬೇಕು. ಗೆಳತಿಯೊಬ್ಬಳು ನನ್ನನ್ನು ‘ಅನ್ನ ಬಿಟ್ಟವರು’ ಎಂಬ ವಾಟ್ಸಾಪ್ ಗುಂಪಿಗೆ ಸೇರಿಸಿದಳು.

ಅನ್ನ ಬಿಟ್ಟೆ. ಮುದ್ದೆ ಬಿಟ್ಟೆ. ರೊಟ್ಟಿ, ಅವಲಕ್ಕಿ, ಬಾಳೆಹಣ್ಣು, ಬೇಳೆ ಸಾರು, ಎಲ್ಲ ಬಿಟ್ಟೆ. ಮೊಟ್ಟೆ ಮುಟ್ಟದ ಮನೆ ನಮ್ಮದು. ಹಾಗಾಗಿ ಬೆಳಗ್ಗೆ ಪನೀರು, ಮಧ್ಯಾಹ್ನ ಸೊಪ್ಪಿನ ಜೊತೆ ಪನೀರು, ರಾತ್ರಿ ಬೆಣ್ಣೆಯಲ್ಲಿ ಹುರಿದ ಪನೀರು, ನಡುನಡುವೆ ಕೊಬ್ಬರಿ ಚೂರು. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ನಾನು ಊಟ ಬಲ್ಲವಳು ಎಂದೇ ನಂಬಿದ್ದೆ. ತೂಕ ಇಳಿಯಿತು. ಕುಪ್ಪಸದ ಹುಕ್ಕು ಕೂತವು. ಎದುರು ಮನೆಯವರು ಏನ್ ಮೇಡಂ ಸಣ್ಣ ಆಗಿದೀರ ಅಂದರು. ಆ ಖುಷಿಯಲ್ಲಿ ಬಾಯಿಯ ಕಡೆ ಗಮನ ಹೋಗಲೇ ಇಲ್ಲ. ತನ್ನ ಬಾಯಿ ತನಗೆ ನಾರುವುದಿಲ್ಲವಂತೆ. ದೇವರು ಇಟ್ಟಿರುವ ವ್ಯವಸ್ಥೆ.

ಇಂಚರ ಹೇಳಿದ ಸಂಜೆ ಗುಂಪಿನಲ್ಲಿ ಕೇಳಿದೆ. ಬಾಯಿ ವಾಸನೆ ಬರುತ್ತಿದೆ, ಏನು ಮಾಡಲಿ?

ಉತ್ತರ ತಕ್ಷಣ ಬಂತು. ಅಭಿನಂದನೆಗಳು.

ಅದರ ಹಿಂದೆ ಚಪ್ಪಾಳೆಯ ಚಿತ್ರಗಳು. ಕೊಬ್ಬು ಕರಗುತ್ತಿರುವುದಕ್ಕೆ ಇದೇ ಸಾಕ್ಷಿ, ಎಲ್ಲರಿಗೂ ಆಗುತ್ತದೆ, ಕೆಲವು ವಾರಗಳಲ್ಲಿ ಹೋಗುತ್ತದೆ, ನೀರು ಕುಡಿಯಿರಿ, ಏಲಕ್ಕಿ ಅಗಿಯಿರಿ. ಬರೆದವರು ಸುಳ್ಳೇನೂ ಹೇಳಿರಲಿಲ್ಲ ಎಂದು ಈಗ ಗೊತ್ತು. ಅಕ್ಕಿ ರಾಗಿ ಬಿಟ್ಟವರ ಮೈ ಕೊಬ್ಬನ್ನು ಉರಿಸುತ್ತದೆ, ಅದರಿಂದ ಹುಟ್ಟುವ ಒಂದು ಪದಾರ್ಥ ಉಸಿರಿನಲ್ಲಿ ಹೊರಗೆ ಬರುತ್ತದೆ, ನೈಲ್ ಪಾಲಿಶ್ ಅಳಿಸುವ ನೀರಿನಲ್ಲಿರುವುದೂ ಅದೇ. ಇಂಚರಳ ಮೂಗು ಕರಾರುವಾಕ್ಕು. ಆದರೆ ನಾನು ಯಾವ ಮಾತ್ರೆ ನುಂಗುತ್ತಿದ್ದೇನೆ ಎಂದು ಗುಂಪಿನಲ್ಲಿ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಡಾಕ್ಟರಿಗೆ ಅನ್ನ ಬಿಟ್ಟದ್ದನ್ನು ಹೇಳಿರಲಿಲ್ಲ, ಗುಂಪಿಗೆ ಮಾತ್ರೆಯ ವಿಷಯ ಹೇಳಲಿಲ್ಲ.

ಆಮೇಲಿನ ದಿನಗಳು ಬಾಯಿಯ ಚಾಕರಿಯಲ್ಲೇ ಕಳೆದವು. ಎದ್ದ ಕೂಡಲೇ ಕೊಬ್ಬರಿ ಎಣ್ಣೆ ಮುಕ್ಕಳಿಸುವುದು. ಹಲ್ಲುಜ್ಜುವುದು, ನಾಲಿಗೆ ಕೆರೆಯುವುದು, ಮತ್ತೆ ಉಜ್ಜುವುದು. ಶಾಲೆಗೆ ಹೊರಡುವಾಗ ಲವಂಗ. ಬಿಡುವಿನಲ್ಲಿ ಏಲಕ್ಕಿ. ಸಕ್ಕರೆ ಲೇಪಿಸಿದ ಬಣ್ಣದ ಸೋಂಪು ಕೂಡದು ಎಂದು ಗುಂಪಿನ ಆಜ್ಞೆಯಾದ್ದರಿಂದ ಬರೀ ಹಸಿರು ಸೋಂಪು. ಲವಂಗ ಅಗಿದು ಅಗಿದು ನಾಲಿಗೆ ಜೋಮು ಹಿಡಿಯಿತು. ಮಾಸ್ಕ್ ಹಾಕಿಕೊಂಡು ಪಾಠ ಮಾಡಿದೆ. ಮಾಸ್ಕಿನೊಳಗಿಂದ ಬಂದ ‘ಖ’ಕ್ಕೂ ‘ಕ’ಕ್ಕೂ ವ್ಯತ್ಯಾಸ ತಿಳಿಯದೆ ಮಕ್ಕಳು ಎರಡನ್ನೂ ಒಂದೇ ಥರ ಬರೆದವು. ಅವುಗಳಿಗೆ ಬೈಯುವ ಮುಖ ನನಗಿರಲಿಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ಸುಮ್ಮನಿರುವುದು. ಮಾತೇ ನನ್ನ ಕಸುಬು. ತರಕಾರಿಯವಳ ಹತ್ತಿರ ಚೌಕಾಸಿ ಮಾಡುವುದಕ್ಕೂ ಹೆದರಿ ಹೇಳಿದ ಬೆಲೆಗೆ ಕೊಂಡು ಬರುತ್ತಿದ್ದೆ.

ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಅವರು ಹಲ್ಲನ್ನೆಲ್ಲ ತಟ್ಟಿ ನೋಡಿ, “ಹಲ್ಲಲ್ಲಿ, ವಸಡಲ್ಲಿ ಏನೂ ತೊಂದರೆ ಇಲ್ಲ. ಇದು ಒಳಗಿಂದ ಬರ್ತಿರೋದು. ಶುಗರ್ ಇದೆ ಅಂತೀರಿ, ನಿಮ್ಮ ಫಿಸಿಶಿಯನ್‌ಗೆ ಇವತ್ತೇ ತೋರಿಸ್ಬಿಡಿ,” ಎಂದರು.

ತೊಟ್ಟಿಲು ಶಾಸ್ತ್ರ ಮುಗಿಯಲಿ ಎಂದುಕೊಂಡೆ. ಈಗ ಹೋದರೆ ಅನ್ನ ತಿನ್ನಿ ಎನ್ನುತ್ತಾರೆ, ಕುಪ್ಪಸ ಮತ್ತೆ ಹಿಡಿಯುವುದಿಲ್ಲ. ನಾನು ಯೋಚಿಸಿದ್ದು ಇಷ್ಟೇ. ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಶಾಸ್ತ್ರ ಇದ್ದದ್ದು ಭದ್ರಾವತಿಯಲ್ಲಿ, ತಮ್ಮನ ಹೆಂಡತಿ ಶ್ವೇತಾಳ ತವರಿನಲ್ಲಿ. ಅವಳ ತಾಯಿ ಗಿರಿಜಮ್ಮ. ನನಗೆ ಬೀಗಿತಿ. ಗಂಡ ಕಾರ್ಖಾನೆಯ ಕೆಲಸದಲ್ಲಿದ್ದಾಗಿನಿಂದ ಅದೇ ಬೀದಿಯಲ್ಲಿ ಇದ್ದು, ಕುಡಿತದಿಂದ ಹಾಳಾದ ಮನೆಗಳನ್ನು ಕಣ್ಣಾರೆ ಕಂಡವರು. ಕುಡಿತದ ವಿಷಯದಲ್ಲಿ ಅವರ ಮೂಗು ಪೊಲೀಸರ ಮೂಗು. ಮದುವೆಗೆ ಮುಂಚೆ ನನ್ನ ತಮ್ಮನನ್ನು ಎದುರಿಗೆ ಕೂರಿಸಿಕೊಂಡು ಹೊತ್ತುಗಟ್ಟಲೆ ಮಾತಾಡಿಸಿದ್ದು ಅವನ ಸಂಬಳ ಕೇಳುವುದಕ್ಕಲ್ಲ, ಉಸಿರು ನೋಡುವುದಕ್ಕೆ ಎಂದು ಶ್ವೇತಾಳೇ ಆಮೇಲೆ ನಗುತ್ತಾ ಹೇಳಿದ್ದಳು.

ಹಿಂದಿನ ದಿನದಿಂದಲೇ ನನಗೆ ಹೊಟ್ಟೆ ತೊಳೆಸುತ್ತಿತ್ತು. ಬಾಯಾರಿಕೆ. ಎಷ್ಟು ನೀರು ಕುಡಿದರೂ ನಾಲಿಗೆ ಒಣಗಿದ ಹಾಗೆ. ಬೆಳಗ್ಗೆ ವಾಂತಿಯಾಯಿತು. ಹೆಸರು ಹೇಳುವ ತನಕ ಉಪವಾಸ ಇರುತ್ತೇನೆ ಎಂದು ಬೇರೆ ಅಂದುಕೊಂಡಿದ್ದೆ. ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದೆ. ಹೊರಡುವ ಮುಂಚೆ ಮನೆಯಲ್ಲಿದ್ದ ಗ್ಲುಕೋಮೀಟರಿನಲ್ಲಿ ನೋಡಿಕೊಂಡೆ, ಶುಗರ್ ಎಂದಿನ ಹಾಗೇ ಇತ್ತು. ಮತ್ತೇನು, ಪಿತ್ತ ಎಂದುಕೊಂಡೆ.

ಕಾರಿನಲ್ಲಿ ಮಾಚೇನಹಳ್ಳಿ ದಾಟುವಾಗ ನಮ್ಮ ಮನೆಯವರು ಕೇಳಿದರು. “ಯಾಕೆ ಹೀಗೆ ಏದುಸಿರು ಬಿಡ್ತಿದೀಯ? ಸೀರೆ ಬಿಗಿಯಾಯ್ತಾ?”

ಹೌದು, ಕುಪ್ಪಸ ಬಿಗಿ ಎಂದೆ. ಕುಪ್ಪಸ ಸಡಿಲವಾಗಿತ್ತು.

ಮನೆ ತುಂಬ ಹೆಂಗಸರು. ತೊಟ್ಟಿಲಿಗೆ ಸೇವಂತಿಗೆ ಸುತ್ತಿದ್ದರು. ಪಕ್ಕದ ಮನೆಯ ತಮಿಳಿನವರು ಮಗುವಿಗೆ ಕಾಡಿಗೆಯ ಬೊಟ್ಟು ಇಡುತ್ತಿದ್ದರು. ನಾನು ಒಳಗೆ ಬಂದು ಗಿರಿಜಮ್ಮನವರ ಕೈ ಹಿಡಿದು, “ಚೆನ್ನಾಗಿದೀರಾ?” ಅಂದೆ. ಅವರ ಮುಖ ಥಟ್ಟನೆ ಬಿಗಿಯಿತು. ಕೈ ಬಿಡಿಸಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ಮಂಜುವನ್ನು ನಿಲ್ಲಿಸಿಕೊಂಡು ಏನೋ ಹೇಳಿದರು. ಅವನು ತಿರುಗಿ ನನ್ನನ್ನು ನೋಡಿದ. ಆ ನೋಟದ ಅರ್ಥ ಆಗ ಆಗಲಿಲ್ಲ.

ಹೆಸರು ಹೇಳುವ ಹೊತ್ತಾಯಿತು. ನಾನು ಲವಂಗ ಬಾಯಿಗೆ ಹಾಕಿಕೊಂಡು, ಸೆರಗಿನಿಂದ ಬಾಯಿ ಒರೆಸಿಕೊಂಡು ಬಗ್ಗಿದೆ. ಎಳೆಯ ಕಿವಿ. ಅದರ ಪಕ್ಕದಲ್ಲಿ ಹತ್ತಿಯಂಥ ಕೂದಲು. ಈ ಮಗು ಈ ಲೋಕದಲ್ಲಿ ಮೊದಲ ಸಲ ಕೇಳುವ ತನ್ನ ಹೆಸರು ನನ್ನ ಉಸಿರಿನ ಮೇಲೆ ಹೋಗಬೇಕು. ಆ ಉಸಿರು ಎಂಥದ್ದೋ ಎಂದು ಹಿಂಜರಿದೆ. ಆದಷ್ಟು ಬೇಗ ಹೇಳಿ ಎದ್ದುಬಿಡೋಣ ಎಂದು ಬಾಯಿ ತೆರೆದೆ.

“ದೃ” ಎಂದೆ.

ಮಹಾಪ್ರಾಣ ಬರಲಿಲ್ಲ.

ಮತ್ತೆ ಪ್ರಯತ್ನಪಟ್ಟೆ. ಎದೆಯೊಳಗೆ ಉಸಿರು ತನ್ನ ಪಾಡಿಗೆ ತಾನು ಓಡುತ್ತಿತ್ತು, ನನ್ನ ಮಾತು ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಹೆಸರು ಮುಗಿಯಿತೆಂದು ತಿಳಿದು ಬೆನ್ನ ಮೇಲೆ ಗುದ್ದು ಬಿತ್ತು. ಗಿರಿಜಮ್ಮನದು. ಜೋರಾಗಿಯೇ ಇತ್ತು. ತೊಟ್ಟಿಲಿನ ಸರಪಳಿ ಹಿಡಿದುಕೊಂಡೆ. ಕೈ ಜಾರಿತು. ಸೇವಂತಿಗೆ ಹೂವು ಮುಖದ ಮೇಲೆ ಬಿದ್ದದ್ದು ನೆನಪಿದೆ.

ಕಣ್ಣು ಬಿಟ್ಟಾಗ ಒಳಕೋಣೆಯ ಮಂಚದ ಮೇಲಿದ್ದೆ. ಹೊರಗೆ ಗದ್ದಲ. ಗುದ್ದು ಜೋರಾಯಿತು ಎಂದು ಒಬ್ಬರು, ಉಪವಾಸ ಎಂದು ಇನ್ನೊಬ್ಬರು. ಗಿರಿಜಮ್ಮನವರ ಗಂಡನಿಗೂ ಸಕ್ಕರೆ ಕಾಯಿಲೆ, ಅವರ ಗ್ಲುಕೋಮೀಟರು ತಂದು ನನ್ನ ಬೆರಳು ಚುಚ್ಚಿದರು. ಅದೂ ಹೆಚ್ಚೇನಿಲ್ಲ ಎಂದೇ ತೋರಿಸಿತು. ನಮ್ಮ ಮನೆಯವರು ಆಸ್ಪತ್ರೆಗೆ ಹೋಗೋಣ ಎನ್ನುತ್ತಿದ್ದರು. ಗಿರಿಜಮ್ಮ ದನಿ ತಗ್ಗಿಸಿ ಮಂಜುವಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

“ಮಲಗಲಿ ಬಿಡಿ. ಸಂಜೆ ಹೊತ್ತಿಗೆ ಇಳಿಯುತ್ತೆ.”

ಇಳಿಯುತ್ತೆ.

ಜ್ವರವೂ ಇಳಿಯುತ್ತದೆ, ಊತವೂ ಇಳಿಯುತ್ತದೆ. ಆದರೆ ಆ ದನಿಯಲ್ಲಿ ಹೇಳಿದಾಗ ಇಳಿಯುವುದು ಒಂದೇ. ಕುಡಿದದ್ದು. ವಿಭೂತಿ ಹಚ್ಚದೆ ನೀರೂ ಕುಡಿಯದ ಅಜ್ಜಿಯ ಮೊಮ್ಮಗಳು, ಮಕ್ಕಳಿಗೆ ಅಕ್ಷರ ಕಲಿಸುವವಳು, ತಮ್ಮನ ಮಗುವಿಗೆ ಹೆಸರಿಡಲು ಕುಡಿದು ಬಂದಿದ್ದೇನೆ ಎಂದು ಆ ಮನೆ ನಂಬಿತ್ತು. ಎದ್ದು ಕೂತು ಬೈಯಬೇಕು ಎನಿಸಿತು. ಬೈಯಲು ಉಸಿರಿರಲಿಲ್ಲ.

ನನ್ನ ಉಸಿರು ಮಲಗಿದರೂ ತಗ್ಗದ್ದು ನೋಡಿ ಮಂಜುವೇ ಕಾರು ತೆಗೆದ. ಶಿವಮೊಗ್ಗದ ಆಸ್ಪತ್ರೆಯ ಎಮರ್ಜೆನ್ಸಿಗೆ ತಂದು ಸ್ಟ್ರೆಚರಿನ ಮೇಲೆ ಮಲಗಿಸಿದರು. ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಮ್ಮ ಮನೆಯವರು ಚೀಟಿ ಮಾಡಿಸಲು ಹೋಗಿದ್ದರು. ಮಂಜು ಡಾಕ್ಟರ ಹತ್ತಿರ ಹೋಗಿ ಮೆಲ್ಲಗೆ ಹೇಳಿದ.

“ಮೇಡಂ, ಕುಡಿಯೋ ಅಭ್ಯಾಸ ಏನಿಲ್ಲ. ಆದ್ರೆ ವಾಸನೆ ಬರ್ತಿದೆ. ಅದನ್ನೂ ಸ್ವಲ್ಪ ನೋಡ್ಬಿಡಿ.”

ನನ್ನ ತಮ್ಮ.

ಬೀಗಿತಿಯ ಮಾತು ಬೆನ್ನಿಗೆ ಬಿದ್ದ ಗುದ್ದಾದರೆ ಇದು ಎದೆಗೆ ಬಿತ್ತು. ಕಣ್ಣಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಒರೆಸಿಕೊಳ್ಳಲು ಕೈ ಏಳಲಿಲ್ಲ.

ಡಾಕ್ಟರು ನನ್ನ ಹತ್ತಿರ ಬಂದರು. ತಮ್ಮ ಮಾಸ್ಕನ್ನು ಗಲ್ಲದ ಕೆಳಗೆ ಎಳೆದುಕೊಂಡು ನನ್ನ ಮುಖದ ಮೇಲೆ ಬಗ್ಗಿದರು.

“ಉಸಿರು ಬಿಡಿ ಅಮ್ಮ. ಇನ್ನೊಂದು ಸಲ. ಹೂಂ, ಬಿಡಿ.”

ಅಷ್ಟು ದಿನಗಳಲ್ಲಿ ನನ್ನ ಉಸಿರಿಗೆ ಮುಖ ಕೊಟ್ಟವರು ಅವರೊಬ್ಬರೇ. ಮೂಗು ಮುರಿಯಲಿಲ್ಲ, ಹಿಂದೆ ಸರಿಯಲಿಲ್ಲ. ನಾನು ಸಂಕೋಚದಿಂದ ಮುಖ ತಿರುಗಿಸಿದರೆ ಗಲ್ಲ ಹಿಡಿದು ತಮ್ಮ ಕಡೆಗೇ ತಿರುಗಿಸಿಕೊಂಡರು.

“ಇದು ಕುಡಿದಿರೋ ವಾಸನೆ ಅಲ್ಲ,” ಎಂದು ಮಂಜುವಿಗೆ ಹೇಳಿದರು. ಆಮೇಲೆ ನನಗೆ, “ಊಟ ಏನು ಮಾಡ್ತೀರಾ? ಅನ್ನ ಗಿನ್ನ ಬಿಟ್ಟಿದೀರಾ?”

ತಲೆಯಾಡಿಸಿದೆ.

“ಶುಗರ್‌ಗೆ ಯಾವ ಮಾತ್ರೆ?”

ಅಷ್ಟರಲ್ಲಿ ನಮ್ಮ ಮನೆಯವರು ಬಂದು ನನ್ನ ವ್ಯಾನಿಟಿ ಬ್ಯಾಗಿನಿಂದ ಮಾತ್ರೆಯ ಹಾಳೆ ತೆಗೆದು ಕೊಟ್ಟರು. ಡಾಕ್ಟರು ಅದನ್ನು ಓದಿದರು. ನರ್ಸಿನ ಕಡೆ ತಿರುಗಿ ಕೀಟೋನ್ ಟೆಸ್ಟ್, ಎಬಿಜಿ ಟೆಸ್ಟ್, ಐಸಿಯು ಬೆಡ್ ಎಂದು ಒಂದೇ ಉಸಿರಿಗೆ ಹೇಳಿದರು. ಆಮೇಲೆ ಎಲ್ಲರೂ ಓಡತೊಡಗಿದರು.

ಡಯಾಬಿಟಿಕ್ ಕೀಟೋ ಅಸಿಡೋಸಿಸ್. ನನಗೆ ಬಂದದ್ದರ ಹೆಸರು ಅದು. ಡಾಕ್ಟರು ಆಮೇಲೆ ನಮ್ಮ ಮನೆಯವರಿಗೆ ಬಿಡಿಸಿ ಹೇಳಿದರಂತೆ. ಆ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಕಳಿಸುತ್ತಲೇ ಇತ್ತು, ನಾನು ಬಾಯಿಂದ ಒಳಗೆ ಹಾಕುವುದನ್ನು ಪೂರ್ತಿ ನಿಲ್ಲಿಸಿದ್ದೆ, ಅದರ ಮೇಲೆ ವಾಂತಿ, ಉಪವಾಸ. ಮೈಯಲ್ಲಿ ಕೊಬ್ಬು ಮಿತಿಮೀರಿ ಉರಿದು ರಕ್ತವೇ ಹುಳಿಯಾಗಿತ್ತು. ಆ ಹುಳಿಯನ್ನು ಹೊರಗೆ ತಳ್ಳಲೆಂದೇ ಎದೆ ಹಾಗೆ ಏದುತ್ತಿತ್ತು. ಬೇರೆಯವರಲ್ಲಾದರೆ ಶುಗರ್ ಏರಿ ಸುಳಿವು ಕೊಡುತ್ತದೆ. ಈ ಮಾತ್ರೆ ತಿನ್ನುವವರಲ್ಲಿ ಮೀಟರು ಸರಿಯಾಗಿದೆ ಎಂದೇ ತೋರಿಸಬಹುದು, ಆದ್ದರಿಂದಲೇ ಇದು ಮೋಸದ್ದು. ನಿಜ ಹೇಳುತ್ತಿದ್ದದ್ದು ಉಸಿರೊಂದೇ. ನಾನು ಅದರ ಬಾಯಿಗೆ ಲವಂಗ ತುರುಕಿ ಮುಚ್ಚಿಸುತ್ತಿದ್ದೆ.

“ಸಂಜೆವರೆಗೂ ಮಲಗಿಸಿದ್ದಿದ್ರೆ ಉಳಿಸೋದು ಕಷ್ಟ ಇತ್ತು,” ಎಂದರಂತೆ ಡಾಕ್ಟರು.

ಐಸಿಯುನಲ್ಲಿ ಹೊತ್ತು ತಿಳಿಯುವುದಿಲ್ಲ. ಒಂದು ಕೈಗೆ ಇನ್ಸುಲಿನ್, ಇನ್ನೊಂದು ಕೈಗೆ ಗ್ಲೂಕೋಸ್. ಒಂದು ಕಾಳು ಸಕ್ಕರೆಗೆ ಹೆದರಿ ಬಣ್ಣದ ಸೋಂಪನ್ನೂ ಬಿಟ್ಟವಳಿಗೆ ಬಾಟಲಿಗಟ್ಟಲೆ ಸಕ್ಕರೆ ನೀರು ಕೊಡುತ್ತಿದ್ದರು. ಹೆದರಿಕೆಯಾಗುತ್ತಿತ್ತು. ಸಾಯುವ ಹೆದರಿಕೆ. ಹಾಗೆಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಎದುರು ಗೋಡೆಯ ಮೇಲೆ ದೊಡ್ಡ ಅಕ್ಷರದ ಬೋರ್ಡು ಇತ್ತು. ‘ಸಕ್ಕರೆ ಖಾಯಿಲೆ: ಎಚ್ಚರಿಕೆ’. ಕಾಯಿಲೆ ಎಂಬುದಕ್ಕೆ ಮಹಾಪ್ರಾಣ ಇಲ್ಲ. ಆದರೂ ಅರ್ಧ ಊರು ಖಾಯಿಲೆ ಎಂದೇ ಬರೆಯುತ್ತದೆ. ಬೇಕಾದ ಕಡೆ ಬಿಡದೆ ಉಳಿಸಿದ ಉಸಿರನ್ನೆಲ್ಲ ತಂದು ಬೇಡದ ಕಡೆ ಸುರಿಯುತ್ತದೆ.

ನರ್ಸ್ ಬಂದಾಗ ಆಕ್ಸಿಜನ್ ಮಾಸ್ಕಿನೊಳಗಿಂದಲೇ ಹೇಳಿದೆ. “ಸಿಸ್ಟರ್, ಆ ಬೋರ್ಡ್ ತಪ್ಪು.”

“ಏನಮ್ಮ?”

“ಕಾಯಿಲೆಗೆ ಮಹಾಪ್ರಾಣ ಬೇಡ.”

ಆಕೆ ಹೊರಗೆ ಹೋಗಿ ನಮ್ಮ ಮನೆಯವರಿಗೆ, “ನಿಮ್ಮ ಮಿಸೆಸ್ ಪ್ರಾಣ ಬೇಡ ಅಂತಿದಾರೆ, ಸ್ವಲ್ಪ ಧೈರ್ಯ ಹೇಳಿ,” ಎಂದರಂತೆ. ಇವರು ಗಾಬರಿಯಿಂದ ಒಳಗೆ ಬಂದು, ವಿಷಯ ತಿಳಿದು, ಅಷ್ಟು ಹೊತ್ತಿನಿಂದ ಹಿಡಿದಿಟ್ಟ ಅಳುವನ್ನು ಮಂಚದ ಸರಳು ಹಿಡಿದು ಅತ್ತರು. ಮದುವೆಯಾದಾಗಿನಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

“ಬೇಜಾರಾಗುತ್ತೆ ಅಂತ ಸುಮ್ನಿದ್ದೆ ಸುಮಾ,” ಎಂದರು.

“ಇನ್ಮೇಲೆ ಬೇಜಾರು ಮಾಡಿ,” ಅಂದೆ.

ವಾರ್ಡಿಗೆ ಹಾಕಿದ ಮೇಲೆ ಮೊದಲು ಕೊಟ್ಟದ್ದು ಗಂಜಿ. ಅಕ್ಕಿಯ ಗಂಜಿ, ಉಪ್ಪು ಹಾಕಿದ್ದು. ಮೊದಲ ಚಮಚ ನಾಲಿಗೆಯ ಮೇಲೆ ಸಿಹಿಯಾಗಿತ್ತು. ಆ ಮಾತ್ರೆಯನ್ನು ನಿಲ್ಲಿಸಿದರು. ಸಂಜೆ ಮಂಜು ಬಂದು ಮಂಚದ ಪಕ್ಕ ಕೂತ. ಕೇಳದೆ ಬಿಡುವ ಜಾತಿಯವಳಲ್ಲ ನಾನು.

“ನಿಂಗೂ ಹಾಗೇ ಅನ್ನಿಸ್ತೇನೋ?”

ಅವನು ನೆಲ ನೋಡಿದ. “ವಾಸನೆ ಹಾಗೇ ಇತ್ತಲ್ಲಕ್ಕ.”

“ಇದ್ರೆ ನನ್ನ ಕೇಳ್ಬೇಕಿತ್ತು. ನಿನ್ನ ಮೂಗಲ್ಲಿ ಸಿಂಬಳ ಸುರಿಯೋವಾಗಿಂದ ಒರೆಸಿದವಳು ನಾನು.”

“ಹೆಂಗಕ್ಕ ಕೇಳೋದು? ನಿನ್ನ ಹತ್ರ?”

ಗಂಡನಿಗೆ ಗೊತ್ತಿತ್ತು, ಟೀಚರುಗಳಿಗೆ ಗೊತ್ತಿತ್ತು, ತಮ್ಮನಿಗೆ ಮೂಗಿತ್ತು. ಯಾರೂ ಬಾಯಿ ಬಿಡಲಿಲ್ಲ. ಒಬ್ಬರಿಗೆ ಮರ್ಯಾದೆ, ಒಬ್ಬರಿಗೆ ಪ್ರೀತಿ, ಒಬ್ಬರಿಗೆ ಭಯ. ಜ್ವರ ಬಂದರೆ ಮೈ ಮುಟ್ಟಿ ನೋಡುತ್ತೇವೆ, ಕೆಮ್ಮಿದರೆ ಕಷಾಯ ಕಾಯಿಸಿ ಕೊಡುತ್ತೇವೆ. ಬಾಯಿ ನಾರಿದರೆ ಮಾತ್ರ ಅದು ಕಾಯಿಲೆಯಲ್ಲ, ಮನುಷ್ಯರ ಯೋಗ್ಯತೆ. ಅದಕ್ಕೇ ಯಾರೂ ಹೇಳುವುದಿಲ್ಲ. ಅದಕ್ಕೇ ನಾನೂ ಮುಚ್ಚಿಟ್ಟೆ. ಹೇಳಿದವಳು ಇಂಚರ ಒಬ್ಬಳು, ಅವಳಿಗೆ ಇನ್ನೂ ಯಾರೂ ಮರ್ಯಾದೆ ಕಲಿಸಿರಲಿಲ್ಲ.

ಗಿರಿಜಮ್ಮ ಆಸ್ಪತ್ರೆಗೆ ಬಂದರು. ತಪ್ಪಾಯಿತು ಎಂದು ಹೇಳುವವರಲ್ಲ. ಫ್ಲಾಸ್ಕಿನಲ್ಲಿ ತಂದ ರಾಗಿ ಅಂಬಲಿಯನ್ನು ಬಟ್ಟಲಿಗೆ ಬಗ್ಗಿಸುತ್ತಾ, “ನಾನು ಅಷ್ಟು ಜೋರಾಗಿ ಗುದ್ದಬಾರದಿತ್ತು,” ಅಂದರು. ಗುದ್ದಿಗೆ ಬಿದ್ದದ್ದಲ್ಲ ಎಂದು ಡಾಕ್ಟರು ಹೇಳಿದ್ದು ಅವರಿಗೂ ಗೊತ್ತಿತ್ತು. ಯಾವ ಗುದ್ದಿನ ಮಾತಾಡುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಅಂಬಲಿ ಕುಡಿದೆ. ಸಿಟ್ಟು ಪೂರ್ತಿ ಹೋಗಲಿಲ್ಲ. ಅಂಬಲಿ ಚೆನ್ನಾಗಿತ್ತು ಎಂದು ಮಾತ್ರ ಹೇಳಿದೆ.

ಮಗುವಿಗೆ ಹೆಸರು ಅರ್ಧವೇ ಆಗಿತ್ತು. ನೆರೆದವರಲ್ಲಿ ಕೆಲವರು ತೊಟ್ಟಿಲಿಗೆ ಹಾಕಿ ಆಯಿತಲ್ಲ, ಮುಗಿಯಿತು ಎಂದರಂತೆ. ಸೋದರತ್ತೆ ಬಾಯಿಂದ ಪೂರ್ತಿ ಬರುವವರೆಗೂ ಅದು ಪಾಪುವೇ ಎಂದು ಶ್ವೇತಾ ಹಟ ಹಿಡಿದಳಂತೆ. ನಾನು ‘ಅನ್ನ ಬಿಟ್ಟವರು’ ಗುಂಪಿನಿಂದ ಹೊರಗೆ ಬಂದೆ. ಬರುವ ಮುಂಚೆ ನನಗಾದದ್ದನ್ನು ಬರೆದು, ಯಾವ ಮಾತ್ರೆ ತಿನ್ನುತ್ತೀರೋ ಅದನ್ನು ಬರೆದುಕೊಟ್ಟ ಡಾಕ್ಟರಿಗೆ ಹೇಳದೆ ಊಟ ಬದಲಿಸಬೇಡಿ ಎಂದು ಹಾಕಿದೆ. ಚಪ್ಪಾಳೆ ಬರಲಿಲ್ಲ. ಈಗ ಅಳತೆಯ ಅನ್ನ, ಅರ್ಧ ಮುದ್ದೆ, ಸಂಜೆ ನಡಿಗೆ. ಕುಪ್ಪಸ ಮತ್ತೆ ಬಿಗಿಯಾಗುತ್ತಿದೆ. ಶಾಲೆಗೆ ಹೋದ ಮೊದಲ ದಿನ ಇಂಚರಳನ್ನು ಕರೆದು, ಅವಳ ಅಂಗೈಯನ್ನು ನನ್ನ ಬಾಯಿಯ ಮುಂದೆ ಹಿಡಿಸಿ ‘ಭದ್ರಾವತಿ’ ಎಂದೆ. ಅವಳು ಕೈಯನ್ನು ಮೂಗಿಗೆ ಹಿಡಿದು ನೋಡಿ, “ಈಗ ಏನೂ ಇಲ್ಲ ಮಿಸ್,” ಎಂದು ಪಾಸು ಮಾಡಿದಳು.

ಮತ್ತೆ ಭದ್ರಾವತಿಗೆ ಹೋದದ್ದು ಮೊನ್ನೆ. ಈ ಸಲ ನೆಂಟರಿಲ್ಲ, ಸೇವಂತಿಗೆ ಇಲ್ಲ, ರೇಷ್ಮೆ ಸೀರೆಯೂ ಇಲ್ಲ. ಮನೆಯವರಷ್ಟೇ. ಹೊರಡುವ ಮುಂಚೆ ಹೊಟ್ಟೆ ತುಂಬ ಚಿತ್ರಾನ್ನ ತಿಂದಿದ್ದೆ. ತೊಟ್ಟಿಲ ಹತ್ತಿರ ನಿಂತು ನನ್ನ ಅಂಗೈಗೆ ಒಮ್ಮೆ ಉಸಿರು ಬಿಟ್ಟು ನೋಡಿಕೊಂಡೆ. ಬಗ್ಗಿದೆ.

“ಧೃತಿ.”

ಕಿವಿಯ ಪಕ್ಕದ ಕೂದಲು ಅಲುಗಿತು. ಮಗು ಕಣ್ಣು ಪಿಳುಕಿಸಿತು.

ಇನ್ನೆರಡು ಸಲ ಹೇಳಿದೆ. ಆಮೇಲೆ ಬಗ್ಗಿದವಳು ಬಗ್ಗಿದ ಹಾಗೇ ಕಾದೆ. ಯಾರೂ ಗುದ್ದಲಿಲ್ಲ.

“ಏನ್ ಗಿರಿಜಮ್ಮ, ಶಾಸ್ತ್ರ ಅರ್ಧಕ್ಕೇ ಬಿಡ್ತೀರಾ?” ಅಂದೆ.

“ನನ್ ಕೈಲಾಗಲ್ಲ ಕಣಮ್ಮ,” ಎಂದರು ಅವರು.

ನಾನು ಏಳಲಿಲ್ಲ. ಹಟ ನನಗೂ ಉಂಟು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಒಂದು ಕೈ ಬಂದು ಬೆನ್ನ ಮೇಲೆ ಕೂತಿತು. ಗುದ್ದಲಿಲ್ಲ. ಅಂಗೈ ಅಗಲವಾಗಿ ತೆರೆದುಕೊಂಡು ಅಲ್ಲೇ ಇತ್ತು. ನನ್ನ ಉಸಿರು ಒಳಗೆ ಹೋಗಿ ಹೊರಗೆ ಬರುವುದು ಆ ಅಂಗೈಗೆ ತಿಳಿಯುತ್ತಿದ್ದಿರಬೇಕು. ಅವರು ಕೈ ತೆಗೆಯಲಿಲ್ಲ, ನಾನೂ ತೆಗೆಯಿರಿ ಎನ್ನಲಿಲ್ಲ.